ಸೂಕ್ತ, ಸೂಕ್ತವಲ್ಲ

ನಾರಿನ್ ಪಟ್ಟಣದ ಕಚೇರಿಯಿಂದ ನಮೂನೆ ಬಂದಿದೆ.
ಕೊನೆಯ ದಿನ ಶುಕ್ರವಾರ.
ಆರು ವಾರ ಏಳನೇ ತರಗತಿ ಇಂಟರ್ನೆಟ್ಟಿನಲ್ಲಿ ಕಲಿಯಿತಲ್ಲ,
ಈ ಪದ್ಧತಿ ಈ ವಯಸ್ಸಿಗೆ ಸೂಕ್ತವೋ, ಸೂಕ್ತವಲ್ಲವೋ,
ಒಂದಕ್ಕೆ ಮಾತ್ರ ಗುರುತು ಹಾಕಿ.

ಒಲೆಗೆ ಕಲ್ಲಿದ್ದಲು ತುಂಬಿ ಕೂತೆ.
ಹೊರಗೆ ಮೈನಸ್ ಇಪ್ಪತ್ತೆರಡು, ಗಾಜಿನ ಒಳಮೈಗೂ ಹಿಮ.
ಅಳೆದೂ ಸುರಿದೂ ಎರಡು ರಾತ್ರಿ ಕಳೆದೆ.
ಅಳತೆಗೆ ಸಿಕ್ಕಿದ್ದಷ್ಟೂ ಸುರಿಯುವಾಗ ಚೆಲ್ಲಿಹೋಯಿತು.

ಹಾಜರಿ: ನೂರಕ್ಕೆ ತೊಂಬತ್ತೊಂದು.
ಬರೆಯುವಾಗ ಕೈ ನಾಚಿತು.
ಜಾನಾರಳ ಹೆಸರಿನ ಮುಂದೆ ಹಸಿರು ಚುಕ್ಕೆ ಉರಿಯುತ್ತಿತ್ತು, ನಿಜ,
ಭಿನ್ನರಾಶಿ ಮುಗಿಯುವ ತನಕ ಉರಿಯಿತು.
ಹಿಟ್ಟಿನ ಡಬ್ಬಕ್ಕೆ ಒರಗಿದ ಫೋನಿನ ಎದುರು ಅವಳ ತಮ್ಮ,
ಎರಡು ವರ್ಷದವನು, ಬೆರಳು ಚೀಪುತ್ತ ನನ್ನನ್ನೇ ನೋಡುತ್ತಿದ್ದ.
ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು.
ಛೇದಗಳನ್ನು ಸಮ ಮಾಡುವುದು ಹೇಗೆಂದು
ಆ ಕೂಸಿಗೆ ಬಲು ಚೆನ್ನಾಗಿ ಹೇಳಿಕೊಟ್ಟೆ.

ಇನ್ನು ಎರ್ಮೆಕ್.
ಎರಡು ವರ್ಷದಿಂದ ಅವನ ದನಿ ಪೂರ್ತಿ ಕೇಳಿದವರಿಲ್ಲ.
ಬೋರ್ಡಿಗೆ ಕರೆದರೆ ಮೊದಲ ಅಕ್ಷರಕ್ಕೇ ತೊಡರಿ, ಕಿವಿ ಕೆಂಪಾಗಿ,
ಹಿಂದಿನ ಬೆಂಚಿನ ನಗು ಮುಗಿಯುವ ತನಕ
ಸೀಮೆಸುಣ್ಣ ಪುಡಿಮಾಡುತ್ತ ನಿಲ್ಲುವವನು.
ಮೂರನೇ ವಾರ, ರಾತ್ರಿ ಹನ್ನೊಂದಕ್ಕೆ, ಅವನಿಂದ ನಾಲ್ಕು ಪುಟ ಬಂತು.
ಹೊಳೆಯ ದಡ ಮೊದಲು ಹೆಪ್ಪುಗಟ್ಟಿ
ನಡುನೀರು ಕೊನೆಗೆ ಗಟ್ಟಿಯಾಗುವುದು ಯಾಕೆ?
ನಾನು ಕೇಳದಿದ್ದ ಪ್ರಶ್ನೆ.
ಕೆಳಗೊಂದು ಸಾಲು:
ಇಲ್ಲಿ ಯಾರೂ ಕಾಯುತ್ತ ನಿಂತಿರುವುದಿಲ್ಲ, ಎಜೆ, ಅದಕ್ಕೇ ಬರೆದೆ.

‘ಸೂಕ್ತ’ ಎಂಬ ಚೌಕದ ಮೇಲೆ ಬೆರಳಿಟ್ಟೆ.
ತೆಗೆದೆ.

ಯಾಕೆಂದರೆ ಹನ್ನೊಂದು ಮನೆಗಳಿಂದ ಬಂದ ಹನ್ನೊಂದು ಉತ್ತರಗಳಲ್ಲಿ
ಒಂದೇ ತಪ್ಪು, ಒಂದೇ ಜಾಗದಲ್ಲಿ ಅದೇ ಅಲ್ಪವಿರಾಮ.
ಕೋಪ ಬಂದಿತ್ತು. ಆಮೇಲೆ ಅನ್ನಿಸಿತು,
ಒಟ್ಟಿಗಿರಲು ಅವರಿಗೆ ಉಳಿದ ದಾರಿ ಅದೊಂದೇ ಇತ್ತೇನೋ.

ಯಾಕೆಂದರೆ ಅರ್ಥವಾಯಿತೇ ಎಂದರೆ
ಇಪ್ಪತ್ತಮೂರು ಹಳದಿ ಹೆಬ್ಬೆರಳು ಒಮ್ಮೆಗೇ ಮೇಲೆದ್ದವು.
ತರಗತಿಯಲ್ಲಾದರೆ ಬಾಯಿ ಹೌದೆಂದರೂ ಕುತ್ತಿಗೆ ಸುಳ್ಳು ಹೇಳುವುದಿಲ್ಲ;
ಬೆನ್ನು ತಿರುಗಿಸಿ ಬರೆಯುತ್ತಿದ್ದರೂ ನನಗೆ ಗೊತ್ತಾಗುತ್ತದೆ.

ಹನ್ನೆರಡು ದಾಟಿ ಹದಿಮೂರು ಮುಟ್ಟದ ವಯಸ್ಸು:
ಯಾರ ಕಣ್ಣಿಗೂ ಬೀಳಬಾರದು, ಯಾರಾದರೂ ನೋಡುತ್ತಿರಬೇಕು,
ಎರಡೂ ಒಂದೇ ಗಳಿಗೆಯಲ್ಲಿ.
ಕ್ಯಾಮೆರಾ ಮುಚ್ಚಿಕೊಂಡು
ನಾನು ಕಾಣಿಸುತ್ತಿದ್ದೇನಾ ಎಂದು ಕೇಳುವ ವಯಸ್ಸು.
ಇದಕ್ಕೆ ನಮೂನೆಯಲ್ಲಿ ಚೌಕವಿಲ್ಲ.
ಎರಡಕ್ಕೂ ಗುರುತು ಹಾಕಿ ನೋಡಿದೆ, ಕೆಂಪಕ್ಷರದಲ್ಲಿ ಬೈಯಿತು.

ಶುಕ್ರವಾರ ಮಧ್ಯಾಹ್ನ ಊರಿನ ಸಿಗ್ನಲ್ಲೇ ಸತ್ತಿತು.
ಬೆಕ್ತುರ್ ಬಂದ, ಕೈಗವಸಿನಲ್ಲಿ ಮೂಗೊರೆಸಿಕೊಳ್ಳುತ್ತ.
ತರಗತಿಗೆಲ್ಲ ಕಡಿಮೆ ಅಂಕ ಅವನದು,
ಆರು ವಾರದಲ್ಲಿ ಅವನ ಚುಕ್ಕೆ ಹಸಿರಾದದ್ದು ನಾಲ್ಕೇ ಸಲ;
ವರದಿಯಲ್ಲಿ ‘ನಿರಾಸಕ್ತ’ ಎಂದು ಬರೆದಾಗಿತ್ತು.
ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು, ಬನ್ನಿ, ಎಂದ.

ಕುದುರೆ ಅವನದು, ಹಿಂದೆ ನಾನು.
ಹಟ್ಟಿ ದಾಟಿ, ಸಮಾಧಿಗಳ ಮಣ್ಣುಗೋಡೆ ದಾಟಿ, ಗುಡ್ಡದ ನೆತ್ತಿ.
ಅಲ್ಲಲ್ಲ ಎಜೆ, ಇನ್ನೂ ಎಡಕ್ಕೆ. ಕೈ ಮೇಲೆತ್ತಿ.
ಅಲ್ಲಿ ಹಿಮದಲ್ಲೊಂದು ಕುಳಿ,
ಯಾರೋ ಕೂತು ಕೂತು ನುಣ್ಣಗಾಗಿ ಗಾಜುಗಟ್ಟಿದ್ದು,
ಪಕ್ಕದಲ್ಲಿ ನೋಟ್‌ಬುಕ್ ಇಟ್ಟಷ್ಟಗಲ ಚಪ್ಪಟೆ ಜಾಗ.
ನಾಲ್ಕು ಸಲಕ್ಕೆ ಅಷ್ಟು ಆಳವಾಗುವುದಿಲ್ಲ.

ನಾನು ಅವನನ್ನು ನೋಡಿದೆ. ಅವನು ಕುದುರೆಯ ಕಿವಿ ನೋಡಿದ.
ಕುಳಿಯಲ್ಲಿ ಕೂತೆ, ನನಗದು ಚಿಕ್ಕದು.
ಒಂದು ಗೆರೆ ಬಂತು, ಹೋಯಿತು.
ಕಾಯಬೇಕು, ಎಂದ.