ಉಪ್ಪಿನ ಚೀಲ

ಮಂಚದ ಕೆಳಗ ಇನ್ನೂ ಅದ ಆ ಚೀಲ.
ಮಳಿಗಾಲ ಬಂದ್ರ ಬೆವರತದ.
ಶಹಾಬಾದದ ಕಲ್ಲಿನ ನೆಲ ನಮ್ಮದು,
ಎಣ್ಣಿ ಚೆಲ್ಲಿದ್ರೂ ಒರಸಿದ್ರ ಹೋಗತದ.
ಆ ಮೂಲ್ಯಾಗಿನ ಬಿಳಿ ಡಾಗು ಮಾತ್ರ
ಹೋದ ವರ್ಷ ಅಂಗೈಯಷ್ಟಿತ್ತು,
ಈ ವರ್ಷ ತಾಟಿನಷ್ಟಾಗ್ಯದ.

ಅವತ್ತು ರಾತ್ರಿ ಎಂಟೂವರಿ.
ಮಾಸ್ತರರ ಹೆಂಡತಿ ಸೀರಿಗೆ ಫಾಲ್ ಹಚ್ಚಕೋತ ಕೂತಿದ್ದೆ,
ಬಾಯಾಗ ದಾರ.
ಫೋನು ಟಿಣ್ ಅಂತು:
"ನಾಳಿಯಿಂದ ಉಪ್ಪು ಸಿಗೂದಿಲ್ಲ.
ಕಿಲೋಕ್ಕ ಮುನ್ನೂರು. ಲಗೂನ ತುಂಬಿಟ್ಟುಕೊಳ್ರಿ.
ನಿಮ್ಮವರಿಗೆಲ್ಲಾ ಕಳಸ್ರಿ."
ಕೆಳಗ ಕೈ ಮುಗಿದ ಚಿತ್ರ ಮೂರು.

ಕಳಿಸಿದಾಕಿ ಚಿತ್ತಾಪುರದ ನಾದಿನಿ.
ಸುಳ್ಳು ಹೇಳೂ ಪೈಕಿ ಅಲ್ಲ ಅಕಿ.
ಹಲ್ಲಿಲೆ ದಾರ ಕಡದು
ನಾನೂ ಒಂದು ಸಾಲು ಸೇರಿಸಿದೆ:
"ಖರೇ ಅದ, ನಾನೇ ನೋಡೀನಿ."

ಏನು ನೋಡಿದ್ದೆ?
ಫೋನು ನೋಡಿದ್ದೆ.

ಸಂಘದ ನಲವತ್ಮೂರು ಮಂದಿಗೆ ಹೋಯ್ತು.
ನಾ ಚಪ್ಪಲಿ ಮೆಟ್ಟೂದ್ರಾಗ ಓಣಿಯೇ ಎದ್ದಿತ್ತು.
ಚಂದ್ರಾಮಪ್ಪ ಶಟರ್ ಅರ್ಧ ಇಳಿಸಿದ್ದ,
ಕೆಳಗಿನ ಸಂದಿಯಿಂದ ಕೈ, ಕೈ, ಬರೇ ಕೈ.
ಕಣಿಯಿಂದ ಹಂಗ ಬಂದ ಹುಡುಗರು,
ರೆಪ್ಪಿ ಮ್ಯಾಲೂ ಕಲ್ಲಿನ ಪುಡಿ.
ಇಪ್ಪತ್ತು ಎಂಬತ್ತಾಯ್ತು, ಎಂಬತ್ತು ನೂರೈವತ್ತು.
ಪಾಕೀಟು ಮುಗದು ಕಲ್ಲುಪ್ಪಿನ ಮೂಟಿ ಬಿಚ್ಚಿದ.

ಐದು ಕಿಲೋ ಹೊತ್ತು ಮನಿಗೆ ಬಂದೆ.
ಬೆವರು ಆರಿರಲಿಲ್ಲ, ವಿಡಿಯೋ ಬಂತು:
"ನೋಡ್ರಿ, ಶಹಾಬಾದದಾಗ ಉಪ್ಪಿಗೆ ಎಂಥಾ ಗದ್ದಲ!"
ಗದ್ದಲದಾಗ ಒಂದು ಕೆಂಪು ಶಾಲು
ಶಟರಿಗೆ ತಲಿ ಕೊಟ್ಟು ನಿಂತಿತ್ತು. ನಂದೇ.
ನನ್ನ ನಾನೇ ನೋಡಿ
ಎದಿ ಧಸಕ್ಕಂತು.
ಮತ್ತ ಹೋಗಿ ಇನ್ನೆರಡು ಕಿಲೋ ತಂದೆ.

ಮುಂಜಾನಿ ಚಂದ್ರಾಮಪ್ಪನ ಅಂಗಡಿ ಮುಂದ
ಉಪ್ಪಿನ ಪಾಕೀಟು ಒಟ್ಟಿದ್ದು ಹಂಗ ಒಟ್ಟಿತ್ತು.
ಇಪ್ಪತ್ತೇ ರೂಪಾಯಿ.
ಅಂವ ಯಾರ ಮಾರಿನೂ ನೋಡಲಿಲ್ಲ.

ಜೈತುನಬಿ ಬಂದಳು, ಡಬ್ಬಿ ಹಿಡಕೊಂಡು.
ಕಣ್ಣಿಗೆ ಹಾಕೂ ಔಷಧದ ರೊಕ್ಕ, ಮುನ್ನೂರು,
ಎರಡು ಕಿಲೋ ಉಪ್ಪಾಗಿ ಕೂತಿತ್ತು ಅದರಾಗ.
"ಮೊಮ್ಮಗ ಓದಿ ಹೇಳಿದ.
ಫೋನಿನ ಮಾತು ನಾ ನಂಬೂದಿಲ್ಲವ್ವಾ.
ನೀ ನೋಡೀದಿ ಅಂದಿ. ಅದಕ್ಕ ಹೋದೆ."

ರೊಕ್ಕ ಕೊಟ್ಟೆ. ಎಣಿಸಿ ತಗೊಂಡಳು.
ಡಬ್ಬಿ ನನ್ನ ಚೀಲಕ್ಕ ಸುರುವಿ
ತಳಾ ಬಡದಳು ಎರಡು ಸಲ.

ಅಳಿಸಲಿಕ್ಕ ನೋಡಿದೆ, ಎಲ್ಲಾರ ಫೋನಿನಿಂದ.
ವ್ಯಾಳ್ಯಾ ಮೀರಿತ್ತು.
ನಾದಿನಿಗೆ ಕೇಳಿದೆ, ಯಾರು ಹೇಳಿದ್ರು?
ಅಕಿ ಮಗನ ಕೇಳಿದಳು, ಅಂವ ಆಳಂದದ ಗೆಳೆಯನ್ನ.
ಎಲ್ಲಾರದೂ ಒಂದೇ ಉತ್ತರ: ಬಂದಿತ್ತು.
ಮಳಿ ಬಂದಂಗ, ಜ್ವರ ಬಂದಂಗ,
ಬಂದಿತ್ತು.
ಹೇಳಿದೆ ಅನ್ನಾವ್ರು ಒಬ್ಬರೂ ಸಿಗಲಿಲ್ಲ.

ನಳದ ಕಟ್ಟಿ ಮ್ಯಾಲ ಸಿದ್ರಾಮವ್ವ ಇದ್ದಳು ಮೊದಲ,
ಉಪ್ಪು ಖಾರ ಹಚ್ಚಿ ಸುದ್ದಿ ಹೇಳಾಕಿ.
ಅಕಿ ಓಡಿ ಹೋದಳಂತ.
ಇಂವ ಹೊಲ ಮಾರಿದನಂತ.
ಎಷ್ಟು ಹಚ್ಚಿದ್ರೂ ಕಡೀಕೊಂದು ಅಂತ ಇರತಿತ್ತು.
ಕೊಡ ತುಂಬೂತನ ಕೇಳಿ
ಅರ್ಧ ಅಲ್ಲೇ ಬಿಟ್ಟು ಬರತಿದ್ದೆವು.
ಆ ಅಂತ ಅನ್ನೂದು ಸಣ್ಣ ಕಿಟಕಿ,
ಸುಳ್ಳಾದ್ರ ಹೊರಗ ಹೋಗಲಿಕ್ಕ.

ಅವತ್ತು ಹಲ್ಲಿಲೆ ನಾ ಕಡದದ್ದು
ಬರೇ ದಾರ ಅಲ್ಲ.

ನಿನ್ನಿ ರಾತ್ರಿ ಮತ್ತ ಟಿಣ್ ಅಂತು.
ನಾದಿನಿ. ಕೈ ಮುಗಿದ ಚಿತ್ರ ಐದು.
ಹೆಬ್ಬೆರಳು ತಾನ ಎದ್ದಿತ್ತು, ಹಿಡಕೊಂಡೆ.
"ಯಾರಂದ್ರು?" ಅಂತ ಬರದೆ.
ಆ ಕಡಿ ಏನೋ ಬರೀತಾಳ, ನಿಲ್ಲಸತಾಳ,
ಮತ್ತ ಬರೀತಾಳ.

ಒಲಿ ಮ್ಯಾಲ ಬ್ಯಾಳಿ ಕುದಿಲಿಕತ್ತಿತ್ತು.
ಮಂಚದ ಕೆಳಗ ಬಗ್ಗಿ ಚೀಲದ ಬಾಯಿ ಬಿಚ್ಚಿದೆ.
ಉಪ್ಪು ಹೆಪ್ಪುಗಟ್ಟಿ ಬಂಡಿ ಆಗ್ಯದ,
ಗುಂಡಕಲ್ಲು ತಗೊಂಡು ಕುಟ್ಟಬೇಕು.