ಐದು ಮೀಟರಿನಲ್ಲಿ ಮೂರು ನಿಮಿಷ

ಮೊದಲ ಪಾಠ ಸೊಂಟದಷ್ಟು ನೀರಿನಲ್ಲಿ.
"ಉಸಿರು ಮಾತ್ರ ಕಟ್ಟಬೇಡ,
ಮಿಕ್ಕ ತಪ್ಪೆಲ್ಲ ಮಾಫಿ" ಎಂದ ಆರ್ವಿನ್,
ರೊವಾತಾನ್ ದ್ವೀಪದಲ್ಲೇ ಹುಟ್ಟಿದವನು.
ಮೊಣಕಾಲೂರಿ ಕೂತು, ಕನ್ನಡಕ ತೆಗೆದು,
ಉಪ್ಪಿಗೆ ಕಣ್ಣು ಬಿಟ್ಟು, ಮತ್ತೆ ತೊಟ್ಟು,
ಮೂಗಿನಿಂದ ಊದಿ ನೀರು ಹೊರದೂಡಬೇಕು.
ಮೂರು ಸಲ ಕೆಮ್ಮುತ್ತ ಎದ್ದೆ. ನಾಲ್ಕನೆಯ ಸಲ
ಗಾಜಿನಾಚೆ ಒಂದು ಪುಟ್ಟ ಏಡಿ ನನ್ನನ್ನೇ ನೋಡುತ್ತಿತ್ತು.

ಫೀಸಿಗೆ ದುಡ್ಡಿರಲಿಲ್ಲ.
ಪ್ರವಾಸಿಗರು ಕಳಚಿದ ರಬ್ಬರು ಉಡುಪು
ಸಿಹಿನೀರಲ್ಲಿ ಅದ್ದಿ ನೆರಳಿಗೆ ಹಾಕುವುದು,
ಸಿಲಿಂಡರು ತುಂಬುವುದು. ಅದೇ ಫೀಸು.

ಹೆಬ್ಬೆರಳೆತ್ತಿದರೆ 'ಚೆನ್ನಾಗಿದೆ' ಎಂದಲ್ಲ,
'ಮೇಲೆ ಹೋಗೋಣ' ಎಂದು.
ನಾನೋ ಖುಷಿಗೆ ಎತ್ತಿ ಎತ್ತಿ
ಎಲ್ಲರನ್ನೂ ಎರಡು ಬಾರಿ ಮೇಲೆ ಹತ್ತಿಸಿದೆ.
ಸೊಂಟದ ಸೀಸ ಆರು ಕಿಲೋದಿಂದ ಮೂರಕ್ಕಿಳಿಯಿತು.
ಒಂದು ದಿನ ಏಳಲೂ ಇಲ್ಲ, ಬೀಳಲೂ ಇಲ್ಲ;
ತೊಟ್ಟಿಲ ಹಗ್ಗ ಕಾಣಲಿಲ್ಲ,
ತೂಗಿದ್ದಂತೂ ನಿಜ.

ಆಮೇಲೆ ಮೂವತ್ತು ಮೀಟರು.
ಅಲ್ಲಿ ಕೆಂಪು ಎಂಬುದಿಲ್ಲ.
ಬಂಡೆ ತಾಗಿ ಬೆರಳು ಕುಯ್ದು
ಹಸಿರು ರಕ್ತ ಬಂತು,
ಯಾರದೋ ಎಂಬಂತೆ ನೋಡಿದೆ.
ರಾತ್ರಿ ದೀಪ ಆರಿಸಿ ಕೈಬೀಸಿದರೆ ಕಿಡಿ.
ದಿಕ್ಸೂಚಿ ಹಿಡಿದು ನಾಲ್ಕು ಮೂಲೆ ಈಜಿ
ಹೊರಟ ಕಲ್ಲನ್ನೇ ಬಂದು ಮುಟ್ಟಿದ್ದಕ್ಕೆ
ಆರ್ವಿನ್ ನನ್ನ ಪುಸ್ತಕದಲ್ಲಿ ರುಜು ಹಾಕಿದ.

ಅಪ್ಪನ ಹತ್ತಿರ ಪುಸ್ತಕವಿರಲಿಲ್ಲ.
ಕೌಕಿರಾದಿಂದ ಲಾಬ್‌ಸ್ಟರ್ ದೋಣಿ,
ದಿನಕ್ಕೆ ಹನ್ನೆರಡು ಸಿಲಿಂಡರು.
ಎಷ್ಟು ಉಳಿದಿದೆಯೆಂದು ತೋರುವ ಮುಳ್ಳಿಲ್ಲ,
ಎಳೆದಾಗ ಬಾರದಿದ್ದರೆ ಮುಗಿಯಿತೆಂದು ಲೆಕ್ಕ,
ಒಂದೇ ಏಟಿಗೆ ಮೇಲೆ.
ಮುಳುಗಿದವನಿಗೆ ಚಳಿಯೇನು ಗಾಳಿಯೇನು ಎನ್ನುವವರು
ಆ ದೋಣಿ ಹತ್ತಿದವರಲ್ಲ.
ಗಾಳಿಯೇ ಎಲ್ಲ.
ಒಂದು ಮಧ್ಯಾಹ್ನ ದೋಣಿಯಂಚಿಗೆ ಕೈ ಬಂತು,
ಕಾಲು ಬರಲಿಲ್ಲ.

ಲಿವಾ ಮೈರಿನ್ ಮುನಿದಳೆಂದರು ಊರವರು,
ಅತಿಯಾಗಿ ಬಾಚಿದವರನ್ನು
ಕಡಲ ಹೆಣ್ಣು ಸುಮ್ಮನೆ ಬಿಡುವುದಿಲ್ಲವಂತೆ.
ನನ್ನ ಪಾಠದ ನಾಲ್ಕನೆಯ ಅಧ್ಯಾಯದಲ್ಲಿ
ಅವಳ ಹೆಸರು ಸಾರಜನಕ.

ನಿನ್ನೆ ಫೋನು ಮಾಡಿದೆ.
"ಎಷ್ಟು ಹಿಡಿದೆ?"
"ಏನಿಲ್ಲಪ್ಪ. ಬಿರುಕಿನಲ್ಲಿ ಒಂದಿತ್ತು,
ಮೀಸೆಯಾಡಿಸಿತು. ನೋಡಿ ಬಂದೆ."
ನಕ್ಕ. ಹುಚ್ಚು ಹುಡುಗಿ ಎಂದ.

ಆಮೇಲೆ ಹೇಳಿದೆ: ನಮ್ಮ ಗುಳ್ಳೆಗಿಂತ ನಿಧಾನ ಏರಬೇಕು,
ಐದು ಮೀಟರಿಗೆ ಬಂದು, ಹಗ್ಗ ಹಿಡಿದು,
ಮೂರು ನಿಮಿಷ ನಿಲ್ಲಬೇಕು.
"ನಿಂತು?"
"ಏನೂ ಇಲ್ಲ. ನಿಲ್ಲುವುದು."

ಬಹಳ ಹೊತ್ತು
ಗಾಲಿಕುರ್ಚಿಯ ಕಿರುಗುಟ್ಟು ಮಾತ್ರ ಕೇಳಿಸಿತು.
"ಆ ಮೂರು ನಿಮಿಷಕ್ಕೆ," ಎಂದ,
"ನಮಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಮಗಳೇ."