ಏಳನೇ ಕೋಲು

ಆಟೋ ಕಾಂಪ್ಲೆಕ್ಸಿನ ಕೊನೆಯ ಶೆಡ್ಡು. ಪಕ್ಕದಲ್ಲಿ ಲೇತು
ಹಗಲಿಡೀ ಕಬ್ಬಿಣ ಸುಲಿಯುತ್ತದೆ.
ನಾನು ಊರುಗೋಲು ಮಾಡುತ್ತೇನೆ:
ತುದಿಯಲ್ಲಿ ಭಾರ ಅಳೆಯುವ ಬಿಲ್ಲೆ,
ಹಿಡಿಯೊಳಗೆ ಓಲಾಟ ಅಳೆಯುವ ಚಿಪ್,
ಹೆಬ್ಬೆರಳ ಕೆಳಗೆ ಕಡಲೆಕಾಳಿನಷ್ಟು ಮೋಟಾರು,
ಕಾಲು ಕಳ್ಳಾಟವಾಡಿ
ಭಾರವನ್ನೆಲ್ಲ ಕೋಲಿಗೇ ದಾಟಿಸಿದರೆ ಗುಯ್ ಎನ್ನಲು.

ಮೊದಲನೆಯದು ತೂಕ ಹೆಚ್ಚಾಯಿತು.
ಎರಡನೆಯದು ಜೂನಿನ ಮೊದಲ ವಾರವೇ ನೀರು ಕುಡಿದು
ರಾತ್ರೋರಾತ್ರಿ ಮೂರು ಸಾವಿರ ಹೆಜ್ಜೆ ನಡೆಯಿತು,
ಬೀಗ ಹಾಕಿದ ಕಪಾಟಿನೊಳಗೆ.
ಮೂರು, ನಾಲ್ಕರ ಮಾತು ಬೇಡ.
ಐದನೆಯದರ ಹಿಡಿ ಬೆವರಿಗೆ ಜಾರಿ
ಫಿಸಿಯೋ ಶಾಹೀದಾ ಮೇಡಂ ಫೋನಿನಲ್ಲೇ ಬೈದರು:
"ಬಿದ್ದವರನ್ನು ಎಬ್ಬಿಸೋದು ನನ್ನ ಕೆಲಸ.
ಬೀಳಿಸೋದು ನಿಮ್ಮದಾ?"
ಆರನೆಯದಕ್ಕೆ ದಡಸಲು ಮರದ ಹಿಡಿ ಹಾಕಿದೆ,
ಕೊಡಲಿ ಕಾವಿಗೆಂದು ಕಾಡಿನವರು ಹುಡುಕುವ ಮರ.

ಆರನೇ ಜೋಡಿ ಹೋದದ್ದು ಕುಂಸಿಯ ಗುತ್ಯಪ್ಪನವರಿಗೆ.
ರೈಲ್ವೆಯಲ್ಲಿ ಕೀಮ್ಯಾನ್. ಮೂವತ್ತೊಂದು ವರ್ಷ
ಹೆಗಲಲ್ಲಿ ಸುತ್ತಿಗೆ, ಸ್ಪ್ಯಾನರು, ಸುತ್ತಿದ ಕೆಂಪು ಬಾವುಟ,
ಅರಸಾಳಿನ ಕಡೆಗೆ ಹೋಗಿ ಮತ್ತೆ ವಾಪಸು,
ಹಳಿಯ ಸಡಿಲ ಕೀಲಿಗಳನ್ನು ಬಡಿದು ಕೂರಿಸುತ್ತಾ.
ನಿವೃತ್ತಿಯ ಮಾರನೇ ವರ್ಷ ಬಚ್ಚಲಲ್ಲಿ ಜಾರಿ
ಸೊಂಟದ ಕೀಲೇ ಹೋಯಿತು.
(ಇದು ಅವರೇ ಹೇಳಿ, ಅವರೇ ನಕ್ಕದ್ದು.)

ರಾತ್ರಿ ಅವರ ನಡಿಗೆ ನನ್ನ ಪರದೆಗೆ ಬರುತ್ತದೆ.
ಆಸ್ಪತ್ರೆಯ ಕಾರಿಡಾರಿನಲ್ಲಿ ನಲವತ್ತು, ಐವತ್ತೆರಡು,
ಮೂವತ್ತೈದು ಸೆಂಟಿಮೀಟರು,
ಶಾಯಿಯಲ್ಲಿ ಬಿದ್ದೆದ್ದ ಇರುವೆ ಎಳೆದ ಗೆರೆ.
ಬೆಳಿಗ್ಗೆ ಆರೂ ಕಾಲಿಗೆ, ಮನೆಯ ಹಿಂದೆ, ಮಾತ್ರ
ಅರವತ್ತು. ಅರವತ್ತು. ಅರವತ್ತೊಂದು. ಅರವತ್ತು.
ಮನುಷ್ಯರು ಹೀಗೆ ನಡೆಯುವುದಿಲ್ಲ.
ಕೆಟ್ಟಿದೆ ಎಂದುಕೊಂಡೆ. ಕೋಡು ತಿದ್ದಿದೆ.
ಎರಡು ರಾತ್ರಿ
ಸರಿಯಿದ್ದುದನ್ನು ಸರಿಮಾಡುತ್ತಾ ಕೂತೆ.

ಮೂರನೇ ದಿನ ಕತ್ತಲಲ್ಲೇ ಸ್ಕೂಟರು ಹತ್ತಿ
ಆಯನೂರು ದಾಟಿ ಹೋದೆ.
ಹಿತ್ತಿಲಲ್ಲಿ ಗೆರೆಯಿಲ್ಲ, ಗುರುತಿಲ್ಲ,
ಬಸಳೆ ಚಪ್ಪರ, ಒಗೆಯುವ ಕಲ್ಲು, ಒದ್ದೆ ಕೆಮ್ಮಣ್ಣು.
ಅವರು ನೆಲ ನೋಡದೆ
ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದರು.

ತಿರುಗುವಲ್ಲಿ ಕೋಲು ಗುಯ್ ಎಂದಿತು. ನಿಂತರು.
"ಇದೊಂದು ಕಿರಿಕಿರಿ ಕಣಮ್ಮ.
ರೈಲೇ ದೂರದಿಂದ ಕೂಗಿ, ನಾನು ಸರಿಯೋವರೆಗೆ
ಕೂಗ್ತಾನೇ ಬರ್ತಿತ್ತು. ಇದಕ್ಕೆ ಆ ಮರ್ಯಾದೆ ಗೊತ್ತಿಲ್ಲ."
ಆಮೇಲೆ, ಕೇಳದಿದ್ದರೂ, ಬಲದ ಕೋಲನ್ನು
ಒಗೆಯುವ ಕಲ್ಲಿಗೆ ಬಡಿದರು. ಠಣ್.
ಎಡದ್ದನ್ನು ಬಡಿದರು. ಠಣ್.
"ಕೇಳ್ತಾ?"
ಏನು?
ಮತ್ತೆ ಬಡಿದರು. ನನಗೆ ಎರಡೂ ಒಂದೇ.
"ಎಡದ್ದರ ಒಳಗೆ ಬಿರುಕಿದೆ. ಹಳಿ ಆಗಿದ್ರೆ
ಬಾವುಟ ಬಿಚ್ಚಿ ನಿಲ್ತಿದ್ದೆ."

ಫೋನು ತೆಗೆದು ನೋಡಿದೆ. ಹಸಿರು ದೀಪ.
ಬ್ಯಾಟರಿ ಎಂಬತ್ತೆರಡು. ಭಾರ ಸರಿ, ಓಲಾಟ ಸರಿ.

ಲೇತಿನ ಆರೋಗ್ಯಸ್ವಾಮಿ ಕೊಳವೆಯನ್ನು ಉದ್ದಕ್ಕೆ ಸೀಳಿಕೊಟ್ಟ.
ತಂತಿ ತೂರಿಸಲೆಂದು ನಾನೇ ಕೊರೆದ ತೂತಿನಿಂದ
ಹೊರಟಿತ್ತು ಒಂದು ಕೂದಲೆಳೆ.
ಕಣ್ಣಿಗೆ ಸಿಗಲಿಲ್ಲ, ಬೆರಳಿಗೆ ಸಿಗಲಿಲ್ಲ.
ಉಗುರು ಎಳೆದಾಗ ತಡೆಯಿತು.
ಇನ್ನೊಂದು ವಾರವೋ, ಹತ್ತು ದಿನವೋ,
ಅವರ ಅರವತ್ತೆರಡು ಕಿಲೋ ಅದರ ಮೇಲೆ.

ಏಳನೆಯದು ಈಗ ಮೇಜಿನ ಮೇಲಿದೆ. ತೂತಿನ ಜಾಗ ಬದಲಿಸಿದ್ದೇನೆ.
ಗುಯ್ಗುಡುವ ಮೋಟಾರನ್ನೂ ಕಿತ್ತಿದ್ದೆ.
ಶಾಹೀದಾ ಮೇಡಂ ಒಪ್ಪಲಿಲ್ಲ:
"ಎಲ್ಲರೂ ಹಳಿ ಮೇಲೆ ನಡೆದವರಲ್ಲ ರೀ,
ಉಳಿದವರ ಕಾಲಿಗೆ ಯಾರಾದ್ರೂ ಹೇಳಬೇಕಲ್ಲ."
ಅದೂ ಹೌದು. ಮತ್ತೆ ಬೆಸುಗೆ ಹಾಕಿದೆ,
ಈ ಸಲ ಆರಿಸುವ ಗುಂಡಿಯ ಸಮೇತ.

ಶೆಡ್ಡು ಬಿಟ್ಟು ಹೋಗುವ ಪ್ರತಿ ಕೋಲನ್ನೂ
ಹೊಸಿಲ ಕಲ್ಲಿಗೆ ಒಮ್ಮೆ ಬಡಿಯುತ್ತೇನೆ.
ನನ್ನ ಕಿವಿಗೆ ತಿಳಿಯುತ್ತದೆಂದು ಹೇಳಲಾರೆ.
ಬಡಿಯುತ್ತೇನೆ,
ಲೇತು ನಿಲ್ಲುವ ಊಟದ ಹೊತ್ತು ಕಾದು.